ರೋಬೋಟ್ ಆಪರೇಷನ್ ಮುಗಿಸಿ ಊರಿಗೆ ಬಂದವರನ್ನು ನಾನು ನೋಡುವ ಬಗೆ

ರಾಯಚೂರಿನಲ್ಲಿ ನಾನು ಜನರಲ್ ಸರ್ಜನ್. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿ ಆಪರೇಷನ್ ಮಾಡುತ್ತೇನೆ, ನನ್ನ ಹತ್ತಿರ ರೋಬೋಟ್ ಇಲ್ಲ. ಆದರೆ ರೋಬೋಟ್ ಆಪರೇಷನ್ ಮಾಡಿಸಿಕೊಂಡವರು ನನ್ನ ಒಪಿಡಿಗೆ ಬರುತ್ತಲೇ ಇರುತ್ತಾರೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಮಾಡಿಸಿಕೊಳ್ಳುತ್ತಾರೆ, ಬೇಗ ಡಿಸ್ಚಾರ್ಜ್ ಆಗಿ ಮಾನ್ವಿಗೋ ದೇವದುರ್ಗಕ್ಕೋ ವಾಪಸ್ ಬರುತ್ತಾರೆ. ತೊಂದರೆ ಆಗುವುದಿದ್ದರೆ ಎಷ್ಟೋ ಸಲ ಅದು ಗೊತ್ತಾಗುವುದು ಊರಿಗೆ ಬಂದ ಮೇಲೆಯೇ.

"ರೋಬೋಟ್ ತಾನೇ ಕೊಯ್ತದೇನ್ರಿ ಸಾರ್?" ಎಂದು ಕೇಳದವರು ಕಮ್ಮಿ. ಇಲ್ಲ, ಕೊಯ್ಯುವುದು ಡಾಕ್ಟರೇ. ಯಂತ್ರ ನಡೆಸುವ ಕನ್ಸೋಲ್ ಮುಂದೆ ಕೂತು ಅವರು ಕೈ ಆಡಿಸಿದ ಹಾಗೆ ಹೊಟ್ಟೆಯೊಳಗಿನ ಉಪಕರಣ ಆಡುತ್ತದೆ. ಡಾ ವಿಂಚಿ ಎಂಬ ಇಂಥ ರೋಬೋಟ್ ಯಂತ್ರಕ್ಕೆ ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2000ದಲ್ಲಿ. ಒಳಗಿನದು ಆಳ ಸಮೇತ ದೊಡ್ಡದಾಗಿ ಕಾಣುತ್ತದೆ, ಕೈ ನಡುಕ ಒಳಗೆ ತಲುಪುವುದಿಲ್ಲ. ಆದರೆ ಬಳಕೆಯಲ್ಲಿರುವ ಬಹುಪಾಲು ಯಂತ್ರಗಳಲ್ಲಿ ಎಳೆತದ ಬಿಗಿ ಕೈಗೆ ಗೊತ್ತಾಗುವುದಿಲ್ಲ. ಕರುಳು ಬಿಳಿಚಿಕೊಂಡಿತಾ, ದಾರ ತುಂಡಾಗುವ ಹಾಗಿದೆಯಾ ಅಂತ ಕಣ್ಣಲ್ಲೇ ಅಂದಾಜು ಮಾಡಬೇಕು. ತರಬೇತಿಗೆ ಕನ್ಸೋಲ್ ಮೇಲೆ ಕೂತಾಗ ನನಗೆ ಜಾಸ್ತಿ ಕಿರಿಕಿರಿ ಆಗಿದ್ದು ಇದೇ. ಕ್ಯಾಮೆರಾಗೆ ಕಾಣದ ಕಡೆ ಕರೆಂಟು ಹರಿಯುವ ಉಪಕರಣ ತಾಗಿ ಕರುಳು ಸುಟ್ಟರೆ ಆವತ್ತು ಗೊತ್ತೇ ಆಗದಿರಬಹುದು. ಸುಟ್ಟ ಜಾಗ ಕೆಲವು ದಿನ ತಡೆದುಕೊಂಡು ಆಮೇಲೆ ತೂತಾಗುತ್ತದೆ. ಅಷ್ಟೊತ್ತಿಗೆ ರೋಗಿ ಮನೆಯಲ್ಲಿರುತ್ತಾರೆ.

ಹಾಗಾಗಿ ನಾನು ಹೊಟ್ಟೆ ಮುಟ್ಟುವ ಮೊದಲು ನಾಡಿ ಹಿಡಿಯುತ್ತೇನೆ. ಜ್ವರ ಇಲ್ಲದಿದ್ದರೂ, ಹೊಟ್ಟೆ ಮೆತ್ತಗಿದ್ದರೂ, ನಾಡಿ ನಿಮಿಷಕ್ಕೆ 100 ದಾಟಿ ಇಳಿಯದೇ ಇದ್ದರೆ ಮನೆಗೆ ಕಳಿಸುವುದಿಲ್ಲ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: ನಿನ್ನೆಗಿಂತ ಇವತ್ತು ಹೆಂಗಿದೆ? ಇಂಥ ಆಪರೇಷನ್ ಆದವರು ದಿನದಿಂದ ದಿನಕ್ಕೆ ಚೇತರಿಸಿಕೊಳ್ಳಬೇಕು. ನಿನ್ನೆ ಇಡ್ಲಿ ತಿಂದವರು ಇವತ್ತು ಗಂಜಿಯೂ ಬೇಡ ಅಂದರೆ ನನಗೆ ಅನುಮಾನ ಶುರು. ಮನೆಯವರು ಮಾತ್ರ "ಗ್ಯಾಸ್ ಆಗೈತ್ರಿ, ಒಂದ್ ಇಂಜೆಕ್ಷನ್ ಮಾಡ್ರಿ" ಎನ್ನುತ್ತಾರೆ.

ಗ್ಯಾಸಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಜಾಗ ಮಾಡಿಕೊಳ್ಳಲು ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಅದರಿಂದ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆರಳಿ ಹೆಗಲು ನೋಯುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ. ಉಳಿದ ಗ್ಯಾಸ್ ಎಕ್ಸ್‌ರೇಯಲ್ಲೂ ಕೆಲವು ದಿನ ಕಾಣಬಹುದು, ಆದ್ದರಿಂದ ಎಕ್ಸ್‌ರೇ ಒಂದನ್ನೇ ನಂಬಿ ಕರುಳು ತೂತಾಗಿದೆ ಅನ್ನುವ ಹಾಗಿಲ್ಲ. ಅನುಮಾನ ಇದ್ದರೆ ಒಳಗಿನದು ಸ್ಪಷ್ಟ ಕಾಣಲು ಕಾಂಟ್ರಾಸ್ಟ್ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸುತ್ತೇನೆ.

ಸಿಂಧನೂರು ಕಡೆಯ ರೈತರೊಬ್ಬರು ದೊಡ್ಡ ಕರುಳಿನ ಗಡ್ಡೆ ತೆಗೆಸಿಕೊಂಡು ಬಂದಿದ್ದರು. ಹಸಿರು ವಾಂತಿ, ಹೊಟ್ಟೆ ಉಬ್ಬರ. ಉಪಕರಣ ಇಳಿಸಲು ಹೊಟ್ಟೆಗೆ ಮಾಡಿದ್ದ ತೂತುಗಳಲ್ಲಿ ಬಲಗಡೆಯ ಒಂದರ ಹತ್ತಿರ ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. "ಹೊಲಿಗಿ ನೋಡ್ರಿ ಸಾರ್, ಎಷ್ಟು ಚಂದ ಒಣಗ್ಯಾವ" ಎಂದ ಮಗ. ಚರ್ಮ ಒಣಗಿತ್ತು, ನಿಜ. ಆಪರೇಷನ್ ಮಾಡಿದ ಸರ್ಜನ್‌ಗೆ ಫೋನ್ ಹಚ್ಚಿದೆ. ಅದು ಸ್ಟೇಪ್ಲರ್ (ಕರುಳಿಗೆ ಪಿನ್ ಹೊಡೆಯುವ ಉಪಕರಣ) ಹಾಕಿದ 12 ಎಂಎಂ ತೂತು, ಉಳಿದವು 8 ಎಂಎಂ ಎಂದರು. ಸ್ಕ್ಯಾನಿನಲ್ಲಿ ಸಣ್ಣ ಕರುಳಿನ ಒಂದು ಮಡಿಕೆ ಆ ತೂತಿನ ಒಳಬಾಯಿಗೆ ಸಿಕ್ಕಿಕೊಂಡಿದ್ದು ಕಂಡಿತು.

ರಾತ್ರಿಯೇ ಆಪರೇಷನ್ ಥಿಯೇಟರ್ ಒಳಗೆ ತಗೊಂಡೆವು. ಚರ್ಮದ ಹೊಲಿಗೆ ಬಿಚ್ಚಿ, ಅದೇ ತೂತನ್ನು ಸ್ವಲ್ಪ ಅಗಲ ಮಾಡಿದೆ. ಕರುಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ, ಆಕ್ಸಿಜನ್ ಜಾಸ್ತಿ ಮಾಡಿಸಿ, ಸುಮ್ಮನೆ ನಿಂತೆ. ಕೈ ಕಟ್ಟಿ ನಿಲ್ಲುವ ಆ ಹೊತ್ತು ಕೊಯ್ಯುವುದಕ್ಕಿಂತ ಕಷ್ಟ. ಬಟ್ಟೆ ತೆಗೆದಾಗ ಬಣ್ಣ ಕೆಂಪಗೆ ಮರಳಿತ್ತು, ಬೆರಳಲ್ಲಿ ತಟ್ಟಿದರೆ ಅಲೆ ಓಡಿತು. ಕರುಳು ಕತ್ತರಿಸುವುದು ತಪ್ಪಿತು. ಒಳಪದರಕ್ಕೆ ಗಟ್ಟಿ ಹೊಲಿಗೆ ಹಾಕಿ ಮುಚ್ಚಿದೆ.

10 ಎಂಎಂ ಮೇಲಿನ ತೂತಿಗೆ ಒಳಹೊಲಿಗೆ ಹಾಕುವುದು ರೂಢಿ. ಹಾಕಿದರೂ ಕೆಲವೊಮ್ಮೆ ಬಿಡುತ್ತದೆ. ರೋಬೋಟಿನಲ್ಲಿ ಇನ್ನೊಂದು ವಿಷಯ ಇದೆ. ಅದರ ತೋಳು ಹೊಟ್ಟೆಯ ಗೋಡೆಯ ಒಂದು ಬಿಂದುವಿನ ಸುತ್ತಲೇ ತಿರುಗಬೇಕು. ತೂತಿನಲ್ಲಿ ಕೂರಿಸಿದ ಕೊಳವೆ, ಅಂದರೆ ಪೋರ್ಟ್, ಒಳಗೋ ಹೊರಗೋ ಜರುಗಿದರೆ ತೋಳು ಸ್ನಾಯುವನ್ನು ಎಳೆದಾಡುತ್ತದೆ. ಹೊರಗೆ ಕಂಡದ್ದಕ್ಕಿಂತ ಒಳಗಿನ ತೂತು ದೊಡ್ಡದಾಗಿರಬಹುದು. ಅದಕ್ಕೇ 8 ಎಂಎಂ ತೂತನ್ನೂ ನಾನು ಬೆರಳಿಟ್ಟು ಒತ್ತಿ, ಕೆಮ್ಮಿಸಿ ನೋಡುತ್ತೇನೆ.

ಭಾರ ಎತ್ತಬೇಡಿ ಅಂತ ಡಿಸ್ಚಾರ್ಜ್ ಸಮರಿಯಲ್ಲಿ ಬರೆದಿರುತ್ತದೆ. ನಮ್ಮ ಕಡೆ ಭತ್ತದ ಚೀಲವೇ 75 ಕೆ.ಜಿ. ಅದಕ್ಕಿಂತ ಕಮ್ಮಿಯದು ಯಾವುದೂ ಇಲ್ಲಿ ಭಾರದ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಅದಕ್ಕೆ ನಾನು ಚೀಲ, ತುಂಬಿದ ಕೊಡ, ಬೈಕಿನ ಡಬಲ್ ಸ್ಟ್ಯಾಂಡ್ ಅಂತ ಒಂದೊಂದಾಗಿ ಹೆಸರು ಹಿಡಿದು ಹೇಳುತ್ತೇನೆ. ದೊಡ್ಡ ಊರಿಗೆ ಹೊರಟವರಿಗೆ ಒಂದು ಚೀಟಿಯನ್ನೂ ಕೊಡುತ್ತೇನೆ: ಆಪರೇಷನ್ ನೋಟ್ಸ್ ಪ್ರತಿ ಕೇಳಿ ತನ್ನಿ, ಯಾವ ತೂತು ಎಷ್ಟು ಎಂಎಂ ಅಂತ ಬರೆಸಿಕೊಳ್ಳಿ, ರಾತ್ರಿ ಎತ್ತುವ ಒಂದು ಫೋನ್ ನಂಬರ್ ಇಸ್ಕೊಂಡು ಬನ್ನಿ.