ಈಟಿ ಹಿಡಿದು ಕಡಲಿಗಿಳಿಯುವವರು ತಾಟೆಯಿಂದ ದೂರ ಇರುವುದು ಹೇಗೆ

ಮಲ್ಪೆ, ಕಾಪು, ಸೋಮೇಶ್ವರದ ಬಂಡೆಗಳ ಸುತ್ತ ಉಸಿರು ಕಟ್ಟಿ ಮುಳುಗಿ ಮೀನಿಗೆ ಈಟಿ ಹೊಡೆಯುವವರು ಮೊದಲು ಕೇಳುವುದೇ ತಾಟೆಯ, ಅಂದರೆ ಶಾರ್ಕ್‌ನ ಬಗ್ಗೆ. ನಮ್ಮ ಬಲೆಗಳಿಗೆ ಬೀಳುವ ತಾಟೆಗಳಲ್ಲಿ ಹೆಚ್ಚಿನವು ಮೀಟರ್ ಉದ್ದವೂ ಆಗದ ಸಣ್ಣ ಜಾತಿಯವು, ಮನುಷ್ಯನನ್ನು ಕಂಡರೆ ತಾವೇ ಜಾಗ ಖಾಲಿ ಮಾಡುತ್ತವೆ. ಆದರೆ ಅರಬ್ಬಿ ಸಮುದ್ರದಲ್ಲಿ ಬುಲ್ ಶಾರ್ಕ್, ಟೈಗರ್ ಶಾರ್ಕ್‌ನಂಥ ದೊಡ್ಡವೂ ಇವೆ. ಬರೇ ಈಜುವವರಿಗಿಂತ ಈಟಿಯವರಿಗೆ ಅಪಾಯ ಹೆಚ್ಚು, ಯಾಕೆಂದರೆ ಅವರ ಕೈಯಲ್ಲಿ ಸಾಯುತ್ತಿರುವ ಮೀನಿರುತ್ತದೆ. ಅದು ಒದ್ದಾಡುವಾಗ ನೀರಿನಲ್ಲಿ ಏಳುವ ಕಂಪನವನ್ನು ತಾಟೆ ದೂರದಿಂದಲೇ ಹಿಡಿಯುತ್ತದೆ. ರಕ್ತದ ವಾಸನೆ ನೀರು ಹರಿಯುವ ಕಡೆಗೆ ಸಾಗುತ್ತದೆ. ಹಾಗಾಗಿ ಹೊಡೆದ ಮೀನನ್ನು ಎಷ್ಟು ಬೇಗ ಸುಮ್ಮನಾಗಿಸಿ ಮೈಯಿಂದ ದೂರ ಮಾಡುತ್ತೀರಿ ಎಂಬುದೇ ಮುಖ್ಯ.

ಮಳೆಗಾಲದಲ್ಲಿ ಇಳಿಯುವ ಮಾತೇ ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗೆ ನೀರು ಸುಮಾರಾಗಿ ತಿಳಿ ಇರುತ್ತದೆ. ಆಗಲೂ ಇಳಿಯುವ ಮುಂಚೆ ಹಗ್ಗಕ್ಕೆ ಒಂದು ಬಿಳಿ ತಟ್ಟೆ, ಅದರಡಿ ಸ್ವಲ್ಪ ಭಾರ ಕಟ್ಟಿ ಇಳಿಸಿ. 5 ಮೀಟರ್‌ಗೆ ಮೊದಲೇ ತಟ್ಟೆ ಮರೆಯಾದರೆ ಆ ದಿನ ಬಿಟ್ಟುಬಿಡಿ, ಕದಡಿದ ನೀರಿನಲ್ಲಿ ತಾಟೆ ಹತ್ತಿರ ಬಂದ ಮೇಲೆಯೇ ಕಾಣುವುದು. ಬೆಂಗ್ರೆ–ಉಳ್ಳಾಲದ ನಡುವಿನ ನೇತ್ರಾವತಿಯ ಅಳಿವೆ, ಮಲ್ಪೆ ಬಂದರಿನ ಬಾಯಿ ಇವೆರಡೂ ಬೇಡ, ಇಳಿತದ ಹೊತ್ತಿನಲ್ಲಂತೂ ಬೇಡವೇ ಬೇಡ. ಹೊಳೆಯ ಕೆಸರು ಹೊರಬರುವುದೂ ಆಗಲೇ, ಬುಲ್ ಶಾರ್ಕ್‌ಗೆ ಸಿಹಿನೀರೂ ಒಗ್ಗುತ್ತದೆ. ಟ್ರಾಲ್ ಬೋಟಿನವರು ಬೇಡದ ಮೀನು ಎಸೆಯುವಲ್ಲಿ, ಬಲೆ ಬಿಟ್ಟಿರುವ ಕಡೆ, ಬೂತಾಯಿ ಗುಂಪಿನ ಮೇಲೆ ಹಕ್ಕಿಗಳು ಎರಗುತ್ತಿರುವಲ್ಲಿ ಇಳಿಯಬೇಡಿ. ಬೆಳಕು ಹರಿಯುವ ಹೊತ್ತು, ಮುಸ್ಸಂಜೆ ಎರಡೂ ತಾಟೆ ಬೇಟೆಗೆ ಹೊರಡುವ ಸಮಯ.

ಸಾಮಾನಿನ ವಿಷಯಕ್ಕೆ ಬಂದರೆ, ಬಾವುಟ ಇರುವ ಫ್ಲೋಟ್, ಅದಕ್ಕೂ ಈಟಿ ಹಾರಿಸುವ ಬಂದೂಕಿಗೂ ನಡುವೆ ನೀರಿನ ಮೇಲೆ ತೇಲುವ ಹಗ್ಗ. ಉದ್ದ ಆಳದ ಒಂದೂವರೆಯಿಂದ ಎರಡು ಪಟ್ಟು: 10 ಮೀಟರ್ ಆಳಕ್ಕೆ 15ರಿಂದ 20 ಮೀಟರ್. ಹಗ್ಗವನ್ನು ಮಣಿಕಟ್ಟಿಗೋ ಸೊಂಟಕ್ಕೋ ಕಟ್ಟಿಕೊಳ್ಳುವ ಚಾಳಿ ಕೆಲವರಿಗಿದೆ. ದೊಡ್ಡ ಅಂಜಲ್ ಮೀನು ಎಳೆದರೂ ಕಷ್ಟ, ತಾಟೆ ಆ ಮೀನನ್ನು ಕಚ್ಚಿ ಓಡಿದರೆ ನೀವೂ ಜತೆಗೇ ಹೋಗುತ್ತೀರಿ. ಚಾಕು ಎರಡೂ ಕೈಗೆ ಎಟಕುವ ಹಾಗೆ ಇರಲಿ. ಮೀನನ್ನು ಸೊಂಟದ ಬೆಲ್ಟಿಗೆ ಪೋಣಿಸಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

ಈಟಿ ತಲೆಯ ಹಿಂದೆ, ಬೆನ್ನುಮೂಳೆಗೆ ತಗುಲಿದರೆ ಮೀನು ಹೆಚ್ಚು ಒದ್ದಾಡುವುದಿಲ್ಲ, ಹೊಟ್ಟೆಗೆ ತಗುಲಿದರೆ ಒದ್ದಾಟವೂ ರಕ್ತವೂ ಜಾಸ್ತಿ. ಗುರಿ ಸರಿಯಾಗಿ ಸಿಗದಿದ್ದರೆ ಬಿಟ್ಟುಬಿಡಿ. ಮೀನು ಕೈಗೆ ಬಂದ ಕೂಡಲೇ ಕೈಗವಸು ಹಾಕಿದ ಬೆರಳು ಕಿವಿರಿನ ಮುಚ್ಚಳದಡಿ ತೂರಿಸಿ ಬಿಗಿಯಾಗಿ ಹಿಡಿದು, ಎರಡು ಕಣ್ಣಿನ ನಡುವೆ ಸ್ವಲ್ಪ ಹಿಂದಕ್ಕೆ, ಮೆದುಳಿರುವ ಜಾಗಕ್ಕೆ ಚಾಕು ಚುಚ್ಚಿ. ಮೈ ಒಮ್ಮೆ ಸೆಟೆದು ಸಡಿಲವಾದರೆ ಕೆಲಸ ಆಯಿತು. ಮೀನನ್ನು ದೋಣಿಗೆ ಎಸೆಯಿರಿ, ಇಲ್ಲವೇ ಒಳಗೆ ಜಾಗವಿರುವ ಫ್ಲೋಟಿಗೆ ಹಾಕಿ ಜಿಪ್ ಎಳೆಯಿರಿ. ಕಿವಿರು ಕತ್ತರಿಸಿ ರಕ್ತ ಹರಿಸುವುದು, ಹೊಟ್ಟೆ ಸೀಳುವುದು ದೋಣಿಯಲ್ಲಿ ಅಥವಾ ದಡದಲ್ಲಿ ಮಾತ್ರ. ಆಮೇಲೆ ಅದೇ ಬಂಡೆಗೆ ಮತ್ತೆ ಮುಳುಗದೆ, ನೀರಿನ ಹರಿವಿಗೆ ಎದುರಾಗಿ ಐವತ್ತು–ನೂರು ಮೀಟರ್ ಸರಿಯಿರಿ. ವಾಸನೆ ನಿಮ್ಮ ಹಿಂದಕ್ಕೆ ಹೋಗುತ್ತದೆ, ತಾಟೆ ಬಂದರೂ ಆ ಕಡೆಯಿಂದಲೇ ಬರುವ ಸಂಭವ ಹೆಚ್ಚು. ಜತೆಗಾರ ಅತ್ತಲೇ ಕಣ್ಣಿಟ್ಟಿರಲಿ.

ಮುರು ಮೀನಿನದ್ದು ಬೇರೆಯೇ ರಗಳೆ. ಈಟಿ ತಾಗಿದ ಮುರು ಬಂಡೆಯ ಸಂದಿಗೆ ನುಗ್ಗಿ ಕಿವಿರು ಅಗಲಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಎಳೆಯಲು ಒಂದರ ಮೇಲೊಂದು ಮುಳುಗು ಹಾಕಿದರೆ ಇತ್ತ ಮೀನಿನ ಒದ್ದಾಟ ತಾಟೆಯನ್ನು ಕರೆಯುತ್ತದೆ, ಅತ್ತ ನಿಮಗೆ ಪ್ರಜ್ಞೆ ತಪ್ಪುತ್ತದೆ. ನಿಜ ಹೇಳಬೇಕೆಂದರೆ ಉಸಿರು ಕಟ್ಟಿ ಮುಳುಗುವವರಿಗೆ ತಾಟೆಗಿಂತ ಈ ಎರಡನೆಯದೇ ದೊಡ್ಡ ಗಂಡಾಂತರ. ಬಂದೂಕನ್ನು ಹಗ್ಗದಲ್ಲೇ ಬಿಟ್ಟು ಮೇಲೆ ಬನ್ನಿ. ನೀರೊಳಗೆ ಎಷ್ಟು ಹೊತ್ತು ಇದ್ದಿರೋ ಕನಿಷ್ಠ ಅದರ ಎರಡರಷ್ಟು ಹೊತ್ತು ಮೇಲೆ ಸುಧಾರಿಸಿಕೊಳ್ಳಿ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲೆ ಇರಲೇಬೇಕು.

ತಾಟೆ ಕಂಡರೆ ಬೆನ್ನು ತಿರುಗಿಸಿ ಓಡಬೇಡಿ, ಕಾಲು ಬಡಿಯಬೇಡಿ. ಅದಕ್ಕೆ ಎದುರಾಗಿ, ಕಣ್ಣು ತಪ್ಪಿಸದೆ ನಿಧಾನ ಹಿಂದೆ ಸರಿಯಿರಿ. ಇಬ್ಬರಿದ್ದರೆ ಬೆನ್ನಿಗೆ ಬೆನ್ನು. ದೂರದಲ್ಲೇ ಹಾದು ಹೋದರೆ ಅದರ ಪಾಡಿಗೆ ಬಿಡಿ. ಬೆನ್ನು ಗೂನಾಗಿಸಿ, ಎದೆಯ ರೆಕ್ಕೆ ಕೆಳಕ್ಕೆ ಬಾಗಿಸಿ, ಮೈ ಬಿಗಿಹಿಡಿದು ತೊನೆಯುತ್ತಾ ಈಜತೊಡಗಿದರೆ ಅದು ಬೆದರಿಕೆ. ಸುತ್ತು ಚಿಕ್ಕದಾಗುತ್ತಾ ಬಂದರೂ ಹಾಗೇ. ಕೂಡಲೇ ದೋಣಿ ಹತ್ತಿ. ತೀರಾ ಹತ್ತಿರ ಬಂದರೆ ಬಂದೂಕಿನ ತುದಿಯಿಂದ ಮೂತಿಯನ್ನು ಆಚೆ ತಳ್ಳಿ, ಈಟಿ ಹೊಡೆಯಬೇಡಿ: ಗಾಯಗೊಂಡ ತಾಟೆ ಹಗ್ಗದ ಇನ್ನೊಂದು ತುದಿಯಲ್ಲಿರುತ್ತದೆ. ಮೀನಿಗೆ ಬಾಯಿ ಹಾಕಿದರೆ ಮೀನು, ಈಟಿ, ಬಂದೂಕು ಎಲ್ಲ ಬಿಟ್ಟುಕೊಡಿ. ಮೈಮೇಲೆ ಚುಕ್ಕೆಗಳಿರುವ ಭಾರೀ ತಿಮಿಂಗಿಲ ಶಾರ್ಕ್ ಮಾತ್ರ ನಿರುಪದ್ರವಿ. ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನು ಮುಟ್ಟುವಂತಿಲ್ಲ.

ಕಚ್ಚಿದರೆ ಕಣ್ಣು, ಕಿವಿರಿಗೆ ಜೋರಾಗಿ ಹೊಡೆಯಿರಿ. ಬಿಡಿಸಿಕೊಂಡ ಮೇಲೆ ಗಾಯವನ್ನು ಅಲ್ಲೇ, ನೀರಿನಲ್ಲಿರುವಾಗಲೇ ಒತ್ತಿ ಹಿಡಿಯಿರಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ 5–7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲದ ಜಾಗದಲ್ಲಿ ಅಗಲ ಪಟ್ಟಿ ಸುತ್ತಿ, ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ. ಕಟ್ಟಿದ ಸಮಯ ಬರೆದಿಡಿ, ಆಸ್ಪತ್ರೆಯವರೆಗೆ ಬಿಚ್ಚಬೇಡಿ. ಕಡಲಿನಲ್ಲಿದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ದಡದಲ್ಲಿದ್ದರೆ 108. ಈ ಮೂರು ನಂಬರುಗಳನ್ನು ದೋಣಿಯಲ್ಲಿ ಕೂತವರ ಫೋನಿನಲ್ಲಿ ಹೊರಡುವ ಮುಂಚೆಯೇ ಹಾಕಿಸಿ, ಆ ಫೋನು ನೀರು ಹೋಗದ ಚೀಲದಲ್ಲಿರಲಿ.