ಅಲ್ಲಿ ‘ಮಾಡು’ ಅಂದ್ರೆ ದನ: ತಮಿಳು ಕಲಿತ ನನ್ನ ಅನುಭವ

ನಾನು ಚನ್ನಗಿರಿ ಕಡೆಯವನು. 2016ರ ಜೂನ್‌ನಲ್ಲಿ ಬ್ಯಾಂಕಿನವರು ನನ್ನನ್ನು ತಮಿಳುನಾಡಿನ ತೇನಿ ಜಿಲ್ಲೆಗೆ ಎತ್ತಿ ಹಾಕಿದರು. ಕಂಬಂ ಕಣಿವೆಯ ಒಂದು ಸಣ್ಣ ಶಾಖೆ. ಸುತ್ತ ದ್ರಾಕ್ಷಿ ಚಪ್ಪರ, ಬಾಳೆ, ಭತ್ತ. ಚಹಾ ಅಂಗಡಿಯ ಗೋಡೆಯ ಮೇಲೆ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿಸಿದ ಪೆನ್ನಿಕ್ವಿಕ್ ಸಾಹೇಬರ ಫೋಟೊ, ಅದಕ್ಕೆ ಹಾರ. ಊರು ಚೆನ್ನಾಗಿತ್ತು. ಮಾತು ಮಾತ್ರ ಒಂದಕ್ಷರ ತಿಳಿಯುತ್ತಿರಲಿಲ್ಲ.

ಮೂರನೇ ದಿನ ಒಬ್ಬ ರೈತರು ಕೌಂಟರಿಗೆ ಬಂದರು. “ಮಾಡು ವಾಂಗ ಲೋನ್ ವೇಣುಂ ಸಾರ್” ಅಂದರು. ‘ವಾಂಗ’ ಅಂದರೆ ‘ಬನ್ನಿ’ ಅಂತ ಆಗಲೇ ಕಲಿತಿದ್ದೆ. ಹಾಗಾಗಿ ನನ್ನ ಕಿವಿಗೆ ಬಿದ್ದದ್ದು ‘ಮಾಡು, ಬನ್ನಿ, ಲೋನ್ ಬೇಕು’. ಇದೇನಪ್ಪಾ, ಏಕವಚನದಲ್ಲಿ ಶುರು ಮಾಡಿ ಬಹುವಚನಕ್ಕೆ ಹೋದರಲ್ಲ ಅನ್ನಿಸಿತು. “ಮಾಡೋಣ, ಕೂತ್ಕೊಳ್ಳಿ” ಅಂತ ಸನ್ನೆ ಮಾಡಿದೆ. ಅವರು ಎರಡು ಕೈಗಳನ್ನು ತಲೆಯ ಮೇಲೆ ಕೊಂಬಿನ ಹಾಗೆ ಹಿಡಿದು ತೋರಿಸಿದರು. ಮಾಡು ಅಂದರೆ ದನ. ವಾಂಗ ಅಂದರೆ ಇಲ್ಲಿ ‘ಕೊಳ್ಳಲು’. ಪಾಪ, ಹಸು ಕೊಳ್ಳಲು ಸಾಲ ಕೇಳುತ್ತಿದ್ದರು ಅಷ್ಟೇ.

ಅವತ್ತೇ ಒಂದು ಸಣ್ಣ ನೋಟ್‌ಬುಕ್ ಕೊಂಡೆ. ಶರ್ಟಿನ ಜೇಬಿಗೆ ಹಿಡಿಸುವಂಥದ್ದು. ಮೊದಲ ಪುಟದಲ್ಲಿ ಬರೆದ ಪದ ‘ಮಾಡು’.

ಮೂವತ್ತು ದಿನದಲ್ಲಿ ತಮಿಳು ಕಲಿಸುವ ಪುಸ್ತಕವನ್ನೂ ತಂದಿದ್ದೆ. ಹತ್ತು ದಿನ ಓದಿ ಬಿಟ್ಟೆ. ಅದರಲ್ಲಿದ್ದದ್ದು ಬರಹದ ತಮಿಳು. ಅದನ್ನು ಚಹಾ ಅಂಗಡಿಯಲ್ಲಿ ಆಡಿದರೆ ನಾಟಕದ ರಾಜನ ಪಾತ್ರಧಾರಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ನಮ್ಮಲ್ಲೂ ಬರೆಯುವ ಕನ್ನಡ, ಆಡುವ ಕನ್ನಡ ಬೇರೆ ಬೇರೆ, ನಿಜ. ಆದರೆ ತಮಿಳಿನಲ್ಲಿ ಆ ಅಂತರ ಇನ್ನೂ ಜಾಸ್ತಿ. ‘ಬಂದುಬಿಟ್ಟೆ’ ಅನ್ನುವುದನ್ನು ಪುಸ್ತಕ ‘ವಂದುವಿಟ್ಟೇನ್’ ಅನ್ನುತ್ತದೆ, ಬೀದಿ ‘ವಂದುಟ್ಟೇನ್’ ಅನ್ನುತ್ತದೆ. ನನಗೆ ಬೇಕಾಗಿದ್ದದ್ದು ಬೀದಿಯದ್ದು.

ದಾರಿ ತೋರಿಸಿದ್ದು ಪುಸ್ತಕವಲ್ಲ, ಹಾಲಿನ ಅಂಗಡಿ. ಅಲ್ಲಿ ಹಾಲು ‘ಪಾಲ್’. ಪಕ್ಕದಲ್ಲಿ ಹೂ ಮಾರುವವಳು ‘ಪೂ, ಪೂ’ ಅಂತ ಕೂಗುತ್ತಿದ್ದಳು. ತಟ್ಟನೆ ಹೈಸ್ಕೂಲು ನೆನಪಾಯಿತು. ಹಳಗನ್ನಡದ ಪದ್ಯ ಬಾಯಿಪಾಠ ಮಾಡಿಸುವಾಗ ಮೇಷ್ಟ್ರು ಹೇಳುತ್ತಿದ್ದರು: ಹಾಲು ಮೊದಲು ಪಾಲ್ ಆಗಿತ್ತು, ಹುಲಿ ಪುಲಿ ಆಗಿತ್ತು. ಅಂದರೆ ನಾವು ‘ಪ’ ಬಿಟ್ಟು ‘ಹ’ ಹಿಡಿದೆವು, ಇವರು ಹಳೆಯದನ್ನೇ ಇಟ್ಟುಕೊಂಡರು. ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬಿತು. ಹಲ್ಲು ಪಲ್ಲು, ಹತ್ತು ಪತ್ತು, ಹಸಿವು ಪಸಿ, ಹೋಗು ಪೋ, ಹಣ ಪಣಂ. ಮರುದಿನ ಇನ್ನೊಂದು ಬಾಗಿಲು ತೆರೆಯಿತು: ನಮ್ಮ ‘ಬ’ ಅಲ್ಲಿ ‘ವ’. ಬಾ ವಾ, ಬಾಯಿ ವಾಯ್, ಬೇರು ವೇರ್, ಬೆಳ್ಳಿ ವೆಳ್ಳಿ, ಬಿಲ್ಲು ವಿಲ್ಲು. ಆಮೇಲೆ ‘ಕ’ ಹೋಗಿ ‘ಚ’ ಅಥವಾ ‘ಸ’ ಆಗುವುದು: ಕಿವಿ ಚೆವಿ, ಗೆಯ್ಮೆಯ ‘ಗೆಯ್’ ಅಲ್ಲಿ ‘ಸೆಯ್’. ಮಳೆ, ಕೋಳಿ, ಏಳು ಇವುಗಳಲ್ಲಿ ನಾವು ‘ಳ’ ಅನ್ನುವ ಕಡೆ ಅವರು ನಾಲಿಗೆಯನ್ನು ಹಿಂದಕ್ಕೆ ಮಡಚಿ ಬೇರೆಯೇ ಒಂದು ಸದ್ದು ಮಾಡುತ್ತಾರೆ. ಹಳಗನ್ನಡದಲ್ಲಿ ಅದಕ್ಕೆ ‘ೞ’ ಅಂತ ಅಕ್ಷರವೇ ಇತ್ತು. ನಾವು ಕಳೆದುಕೊಂಡೆವು. ನನಗೆ ಆ ಸದ್ದು ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಮದುರೆ ಕಡೆಯ ಎಷ್ಟೋ ಜನ ತಾವೇ ‘ಳ’ ಅಂದು ಮುಗಿಸುತ್ತಾರೆ, ಹಾಗಾಗಿ ನಾನೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಬ್ಯಾಂಕಿನ ಮಾತುಗಳಂತೂ ಅಣ್ಣತಮ್ಮಂದಿರು. ಬಡ್ಡಿ ಅಲ್ಲಿ ವಟ್ಟಿ. ಕಡ ತರುವುದು ಅಂತೀವಲ್ಲ, ಆ ಕಡ ಅಲ್ಲಿ ಕಡನ್. ಅಡವು ಇಡುವುದು ಅಡಗು ವೈಕ್ಕಿರದು. ನಮ್ಮ ಮೀಟರ್ ಬಡ್ಡಿಯೂ ಅಲ್ಲಿ ಮೀಟರ್ ವಟ್ಟಿ ಆಗಿ ಸುಖವಾಗಿದೆ! ಒಡವೆ ಸಾಲಕ್ಕೆ ನಗೈಕ್ಕಡನ್ ಅಂತಾರೆ. ಮೊದಲ ಸಲ ಕೇಳಿದಾಗ ನಗೆಗೂ ಸಾಲ ಕೊಡುತ್ತಾರಾ ಅನ್ನಿಸಿತ್ತು. ನಮ್ಮ ‘ನಗನಾಣ್ಯ’ದ ನಗ ಅದು. ನಮ್ಮ ಶಾಖೆಯಲ್ಲಿ ಅರ್ಧ ಕೆಲಸ ಅದೇ. ಎಂಟು ಗ್ರಾಂ ಚಿನ್ನಕ್ಕೆ ಒಂದು ಪವುನ್, ಎಲ್ಲ ಲೆಕ್ಕವೂ ಪವುನಿನಲ್ಲೇ.

ಎರಡು ತಿಂಗಳಾಗುವ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಸ್ವಲ್ಪ ಹೆಚ್ಚೇ ಬಂದಿತ್ತು. ಕನ್ನಡ ಪದ ತಗೊಂಡು ‘ಹ’ ಕಿತ್ತು ‘ಪ’ ಹಾಕಿ ಬಿಡುತ್ತಿದ್ದೆ. ‘ಹೇಳಿ’ ಅನ್ನಲು ‘ಪೇಳುಂಗ’ ಅಂದೆ. ಹಳಗನ್ನಡದ ಪ್ರಕಾರ ಸರಿ, ಆದರೆ ಕಂಬಂನಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಅವರು ‘ಸೊಲ್ಲುಂಗ’ ಅಂತಾರೆ. ‘ಹುಡುಗ’ನನ್ನು ‘ಪುಡುಗ’ ಮಾಡಿದ್ದಕ್ಕೆ ಅಟೆಂಡರ್ ಮುಖ ತಿರುಗಿಸಿ ನಕ್ಕ. ಯಾಕೆ ಅಂತ ಕೇಳಿದರೆ ಹೇಳಲಿಲ್ಲ. ಗೊತ್ತಿಲ್ಲದ ಪದ ಬಂದರೆ ನಾವು ಕೇಳುತ್ತೇವೆ. ಗೊತ್ತು ಅಂದುಕೊಂಡ ಪದ ಬಂದರೆ ಕೇಳುವುದೇ ಇಲ್ಲ. ನನ್ನ ತಪ್ಪುಗಳೆಲ್ಲ ಆಗಿದ್ದು ಅಲ್ಲೇ.

‘ತಿಂಗಕ್ಕಿಳಮೈ ವರೇನ್’ ಅಂತ ಒಬ್ಬರು ಹೇಳಿ ಹೋದರು. ಒಂದು ತಿಂಗಳಿಗೆ ಬರುತ್ತಾರೆ ಅಂತ ಅವರ ಫೈಲನ್ನು ಕೆಳಗಿನ ಕಪಾಟಿಗೆ ಹಾಕಿದೆ. ಅವರು ಸೋಮವಾರವೇ ಬಂದು ನಿಂತರು. ಅಲ್ಲಿ ತಿಂಗಳ್ ಅಂದರೆ ಸೋಮವಾರ. ಯೋಚಿಸಿದರೆ ತಪ್ಪೇನಿಲ್ಲ, ತಿಂಗಳು ಅಂದರೆ ಚಂದ್ರ, ಬೆಳದಿಂಗಳಿನಲ್ಲಿ ಇರುವುದೂ ಅವನೇ. ಆದರೆ ಫೈಲು ಹುಡುಕುವಾಗ ಇದೆಲ್ಲ ಹೊಳೆಯಲ್ಲ. ನೀರಿಗೆ ‘ತಣ್ಣಿ’ ಅಂತಾರೆ. ನಮ್ಮ ತಣ್ಣೀರು. ಬಿಸಿನೀರಿಗೆ? ‘ಸುಡುತಣ್ಣಿ’. ಇದನ್ನು ಕೇಳಿ ನನ್ನ ಹೆಂಡತಿ ಫೋನಿನಲ್ಲೇ ಐದು ನಿಮಿಷ ನಕ್ಕಳು.

ಇನ್ನು ‘ವೇಣುಂ’, ‘ವೇಣಾಂ’. ಒಂದು ಬೇಕು, ಇನ್ನೊಂದು ಬೇಡ. ಗದ್ದಲದಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಒಬ್ಬ ಅಜ್ಜನಿಗೆ ಬೇಡವಾಗಿದ್ದ ಎಟಿಎಂ ಕಾರ್ಡಿಗೆ ಅರ್ಜಿ ತುಂಬಿಸಿ ಸಹಿ ಹಾಕಿಸುವವರೆಗೂ ಹೋಗಿದ್ದೆ. ಆಮೇಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಏನೇ ಹೇಳಿದರೂ ಅದನ್ನು ಬೇರೆ ಮಾತಿನಲ್ಲಿ ತಿರುಗಿಸಿ ಕೇಳುವುದು. “ಕಾರ್ಡ್ ಇಲ್ಲಾಮ ಇರುಕ್ಕಲಾಮಾ?” ಕಾರ್ಡ್ ಇಲ್ಲದೆ ಇರಬಹುದಾ? ನಿಧಾನ ಆಗುತ್ತದೆ, ಕ್ಯೂನಲ್ಲಿರುವವರು ಗೊಣಗುತ್ತಾರೆ, ಆದರೂ ಬಿಡಲಿಲ್ಲ.

ಮಹಿಳಾ ಸಂಘದ ಸಭೆಯಲ್ಲಿ ಆದದ್ದು ವ್ಯಾಕರಣದ ಎಡವಟ್ಟು. ಕನ್ನಡದಲ್ಲಿ ‘ನಾವು’ ಒಂದೇ. ತಮಿಳಿನಲ್ಲಿ ಎರಡಿವೆ. ಎದುರಿಗಿರುವವರೂ ಸೇರಿದರೆ ‘ನಾಮ’, ಅವರನ್ನು ಬಿಟ್ಟು ಹೇಳಿದರೆ ‘ನಾಂಗ’. ನಾನು ಎದ್ದು ನಿಂತು ಗತ್ತಿನಿಂದ “ನಾಂಗ ಸೇರ್ಂದು ಪಣ್ಣಲಾಂ” ಅಂದೆ. ಹಿಂದಿನ ಸಾಲಿನಿಂದ ಒಬ್ಬಾಕೆ “ಅಪ್ಪೊ ನಾಂಗ?” ಅಂದಳು. ಹಾಗಾದರೆ ನಾವು? ನಾನು ಹೇಳಿದ್ದು ‘ನೀವು ಬೇಡ, ಬ್ಯಾಂಕಿನವರೇ ಸೇರಿ ಮಾಡ್ತೀವಿ’ ಅಂತ ಆಗಿತ್ತು. ಇಡೀ ಸಭೆ ನಕ್ಕಿತು. ಆಮೇಲೆ ನನಗೆ ಅನ್ನಿಸಿದ್ದು, ಇಷ್ಟು ಚೆಂದದ ವ್ಯತ್ಯಾಸ ನಮ್ಮ ಕನ್ನಡದಲ್ಲಿ ಇಲ್ಲವಲ್ಲ ಅಂತ.

ಲಿಪಿ ಬೇಗ ಬಂತು. ಬಸ್ಸಿನ ಬೋರ್ಡು ಓದಿ ಓದಿ ಮೂರು ವಾರ. ಅಕ್ಷರ ಕಡಿಮೆ, ವ್ಯಂಜನ ಹದಿನೆಂಟೇ. ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಸುಲಭ ಅಂದುಕೊಂಡರೆ ಅಲ್ಲೇ ಕಷ್ಟ. ‘ಪಾಲ್’ ಅಂತ ಬರೆದಿದ್ದರೆ ಅದು ಕುಡಿಯುವ ಹಾಲೋ, ಕ್ರಿಕೆಟ್ಟಿನ ಬಾಲೋ ನಾವೇ ತಿಳಿಯಬೇಕು. ಓದಲು ನೆರವಾದದ್ದು ಚಹಾ ಅಂಗಡಿಯ ‘ದಿನತಂದಿ’. 1942ರಲ್ಲಿ ಮದುರೆಯಲ್ಲೇ ಶುರುವಾದ ಪತ್ರಿಕೆ. ಸುಲಭ ತಮಿಳಿಗೆ ಹೆಸರುವಾಸಿ. ಬೆಳಿಗ್ಗೆ ಅದರ ಒಂದು ಸುದ್ದಿ ಜೋರಾಗಿ ಓದುತ್ತಿದ್ದೆ, ಅಂಗಡಿಯವರು ಲೋಟ ತೊಳೆಯುತ್ತಲೇ ತಿದ್ದುತ್ತಿದ್ದರು.

ಆದರೆ ನನ್ನ ನಾಲಿಗೆ ನಿಜವಾಗಿ ತಿರುಗಿದ್ದು ನೋಟು ರದ್ದಾದಾಗ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ಹೋಯಿತು. 10ನೇ ತಾರೀಕಿನಿಂದ ಬಾಗಿಲ ಮುಂದೆ ರಸ್ತೆ ತುಂಬ ಜನ. ಹಳೆ ನೋಟು ಬದಲಿಸಲು ಮಿತಿ ಮೊದಲು 4000, ಆಮೇಲೆ 4500, ಆಮೇಲೆ ಇಳಿದು 2000. ಪ್ರತಿ ಸಲವೂ ನೂರಾರು ಜನರಿಗೆ ಬಾಯಿಬಿಟ್ಟು ಹೇಳಬೇಕು. ನಾಲಾಯಿರಂ, ನಾಲಾಯಿರತ್ತು ಐನೂರು, ರೆಂಡಾಯಿರಂ. ಬೆರಳಿಗೆ ಶಾಯಿ ಹಾಕಬೇಕು ಅಂತ ಬಂದಾಗ ಇನ್ನೊಂದು ಪದ ಕಲಿತೆ. ಶಾಯಿಗೆ ಅಲ್ಲಿ ‘ಮೈ’. “ಮೈ ವೈಕ್ಕಣುಂ” ಅನ್ನುವಾಗ ಮೊದಲೆರಡು ದಿನ ನನಗೇ ನಾಚಿಕೆ ಆಗುತ್ತಿತ್ತು. ಅಂದ ಹಾಗೆ ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ಬೈದವರೂ ಇದ್ದರು, ಟೀ ತಂದುಕೊಟ್ಟವರೂ ಇದ್ದರು. ಬೈಗುಳಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ, ಆದರೂ ಅವೇ ಚೆನ್ನಾಗಿ ನೆನಪಿವೆ.

ಅದೇ ಕ್ಯೂನಲ್ಲಿ ಒಂದು ದಿನ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಪಕ್ಕದಲ್ಲಿದ್ದ ಒಬ್ಬ ಹಿರಿಯರು ಕನ್ನಡದಲ್ಲೇ “ಯಾವೂರು?” ಅಂದರು. ಆ ಕಣಿವೆಯಲ್ಲಿ ತಲೆತಲಾಂತರದಿಂದ ಮನೆಯಲ್ಲಿ ಕನ್ನಡ ಆಡುವ ಜನ ಇದ್ದಾರೆ. ಓದು ಬರಹ ಎಲ್ಲ ತಮಿಳು. ಅವರ ಕನ್ನಡ ನನಗೆ ಅರ್ಧ ತಿಳಿಯಿತು, ನನ್ನದು ಅವರಿಗೆ ಅರ್ಧ. ಕೊನೆಗೆ ಇಬ್ಬರೂ ತಮಿಳಿಗೆ ಹೋದೆವು. ಅದೇ ಸಲೀಸಾಗಿತ್ತು.

ಇಷ್ಟೆಲ್ಲ ಆದರೂ ಒಂದು ಲೆಕ್ಕ ಮಾತ್ರ ನನ್ನನ್ನು ಕೊನೆವರೆಗೂ ಕಾಡಿತು. ತಮಿಳಿನಲ್ಲಿ 90ಕ್ಕೆ ‘ತೊಣ್ಣೂರು’ ಅಂತಾರೆ. ನನಗೆ ತೊಣ್ಣೂರು ಅಂದರೆ ಪಾಂಡವಪುರದ ಹತ್ತಿರದ ಕೆರೆ. ಅದು ಹೋಗಲಿ, ಕೊನೆಯಲ್ಲಿ ‘ನೂರು’ ಬೇರೆ ಕೇಳಿಸುತ್ತದೆ. 900ಕ್ಕೆ ‘ತೊಳ್ಳಾಯಿರಂ’. ಅದರ ಕೊನೆಗೆ ‘ಆಯಿರಂ’, ಅಂದರೆ ಸಾವಿರ. 9000 ಆದರೆ ‘ಒಂಬದಾಯಿರಂ’. ಪಿಂಚಣಿ ತೆಗೆಯಲು ಬರುತ್ತಿದ್ದ ಅಜ್ಜಿಯೊಬ್ಬರಿಗೆ ಓದು ಬರಹ ಇರಲಿಲ್ಲ, ಚೀಟಿ ನಾನೇ ತುಂಬುತ್ತಿದ್ದೆ. ಅವರು ತೊಳ್ಳಾಯಿರಂ ಅಂದರು, ನಾನು 9000 ಅಂತ ಬರೆದೆ. ಖಾತೆಯಲ್ಲಿ ಇದ್ದದ್ದೇ ಸಾವಿರದ ಚಿಲ್ಲರೆ. ದುಡ್ಡಿಲ್ಲ ಅಂತ ಹೇಳಿದ್ದೇ ತಡ, ಅಜ್ಜಿ ಅಲ್ಲೇ ಕುಸಿದು ಕೂತರು. ಯಾರೋ ಕದ್ದರು ಅಂದುಕೊಂಡರು. ತಪ್ಪು ನನ್ನದು ಅಂತ ತಿಳಿಯಲು ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷ ಅವರು ಅಳುತ್ತಿದ್ದರು.

ಮುಂದಿನ ಮೂರು ವರ್ಷ ಅವರು ಪ್ರತಿ ತಿಂಗಳೂ ಬಂದರು. ಕೌಂಟರಿನ ಮುಂದೆ ನಿಂತು ಮೊದಲು ಒಂಬತ್ತು ಬೆರಳು ಎತ್ತುತ್ತಿದ್ದರು. ಆಮೇಲೆ ಗಾಳಿಯಲ್ಲಿ ಎರಡು ಸೊನ್ನೆ ಬರೆದು, ನಾನು ಚೀಟಿಯಲ್ಲಿ ಬರೆದು ಮುಗಿಸುವವರೆಗೂ ನನ್ನ ಪೆನ್ನನ್ನೇ ನೋಡುತ್ತಿದ್ದರು.