ಗೈರುಹಾಜರಾಗುವ ಮಗು ಮತ್ತು ಅದರ ಕುಟುಂಬ: ಶಾಲಾ ಸಮಾಜ ಕಾರ್ಯಕರ್ತರಿಗೆ ಮಾರ್ಗದರ್ಶಿ

ಶಾಲಾ ಸಮಾಜ ಕಾರ್ಯಕರ್ತರಾಗಿ ಹೊಸದಾಗಿ ಸೇರಿದವರು ಮೊದಲು ತೆರೆದು ನೋಡಬೇಕಾದದ್ದು ಹಾಜರಿ ಪುಸ್ತಕ. ಕಾರಣ ಏನೇ ಇರಲಿ, ಶಾಲೆ ನಡೆದ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ದಿನ ಬಾರದ ಮಗುವನ್ನು ದೀರ್ಘಕಾಲಿಕ ಗೈರುಹಾಜರಿಯ ಪಟ್ಟಿಗೆ ಸೇರಿಸುವ ರೂಢಿ ಹಲವೆಡೆ ಇದೆ. 180 ದಿನಗಳ ಶಾಲಾ ವರ್ಷದಲ್ಲಿ ಇದು 18 ದಿನ, ಅಂದರೆ ತಿಂಗಳಿಗೆ ಸುಮಾರು ಎರಡೇ ದಿನ. ಆದ್ದರಿಂದಲೇ ತರಗತಿಯಲ್ಲಿ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಒಟ್ಟು ಸಂಖ್ಯೆಯ ಜೊತೆಗೆ ಯಾವ ವಾರ, ಯಾವ ಪಾಠದ ದಿನ ಮಗು ತಪ್ಪಿಸಿಕೊಳ್ಳುತ್ತಿದೆ ಎಂಬುದನ್ನೂ ಗುರುತಿಸಿಕೊಳ್ಳಿ.

ಬಳಿಕ ಶಿಕ್ಷಕರೊಡನೆ ಮಾತನಾಡಿ. ‘ಸೋಮಾರಿ’, ‘ಮನೆಯವರಿಗೆ ಕಾಳಜಿಯಿಲ್ಲ’ ಎಂಬ ತೀರ್ಪುಗಳು ಬಂದರೆ, ಅವರು ಕಣ್ಣಾರೆ ಕಂಡದ್ದೇನು ಎಂದು ವಿನಯದಿಂದಲೇ ಕೇಳಿ, ಅದನ್ನಷ್ಟೇ ಬರೆದುಕೊಳ್ಳಿ.

ಈ ವೃತ್ತಿ 1906–07ರ ಸುಮಾರಿಗೆ ಅಮೆರಿಕದ ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ ಆರಂಭವಾದಾಗ ಶಾಲೆ ಮತ್ತು ಮನೆಯ ನಡುವೆ ಓಡಾಡುವುದೇ ಅದರ ಮುಖ್ಯ ಕೆಲಸವಾಗಿತ್ತು. ಇಂದಿಗೂ ಮನೆಭೇಟಿಯ ಸ್ಥಾನವನ್ನು ಭರ್ತಿ ಮಾಡಿಸುವ ಯಾವ ನಮೂನೆಯೂ ತುಂಬಲಾರದು ಎಂಬುದು ನನ್ನ ಅಭಿಪ್ರಾಯ. ಪೋಷಕರಿಗೆ ಅನುಕೂಲವಾದ ಹೊತ್ತನ್ನು ಮೊದಲೇ ಕೇಳಿಕೊಂಡು ಹೋಗಿ, ಎಲ್ಲಿಗೆ ಹೋಗುತ್ತಿದ್ದೀರೆಂದು ಶಾಲೆಯಲ್ಲಿ ತಿಳಿಸಿರಿ. ಮಗುವಿನ ಬಗ್ಗೆ ಒಂದು ಒಳ್ಳೆಯ ಸಂಗತಿಯಿಂದ ಮಾತು ಆರಂಭಿಸಿ. ಶಾಲೆಯಿಂದ ಯಾರಾದರೂ ಬಂದರೆ ದೂರೇ ಇರುತ್ತದೆ ಎಂದು ನಂಬಿರುವ ಮನೆಯಲ್ಲಿ ಇದರಿಂದ ಬಿಗುವು ಸಡಿಲವಾಗುತ್ತದೆ. ‘ಏಕೆ ಕಳುಹಿಸಲಿಲ್ಲ?’ ಎಂದು ಕೇಳಿದರೆ ಸಮರ್ಥನೆ ಸಿಗುತ್ತದೆ, ‘ಬೆಳಗ್ಗೆ ಎದ್ದಾಗಿನಿಂದ ಏನೇನಾಗುತ್ತದೆ?’ ಎಂದು ಕೇಳಿದರೆ ವಿಷಯ ಸಿಗುತ್ತದೆ: ಕಾಯಿಲೆ ಬಿದ್ದ ಅಜ್ಜಿಯ ಆರೈಕೆ, ತಂಗಿಯನ್ನು ನೋಡಿಕೊಳ್ಳುವ ಹೊಣೆ, ದಾರಿಯಲ್ಲಿ ಕಾಡುವ ಹುಡುಗರು, ಬಾಡಿಗೆ ಕಟ್ಟಲಾಗದೆ ಪದೇ ಪದೇ ಬದಲಾಗುವ ಮನೆ. ಭಾಷೆಯ ತೊಡಕಿದ್ದರೆ ದುಭಾಷಿಯನ್ನು ಕರೆದೊಯ್ಯಿರಿ. ಆ ಕೆಲಸಕ್ಕೆ ಮಗುವನ್ನೇ ಬಳಸಬಾರದು. ತನ್ನ ಬಗೆಗಿನ ದೂರನ್ನು ತಾನೇ ಅನುವಾದಿಸುವ, ಹಿರಿಯರ ಸಂಕಟವನ್ನೆಲ್ಲ ಕೇಳಿಸಿಕೊಳ್ಳುವ ಸ್ಥಿತಿಗೆ ಅದನ್ನು ದೂಡಿದಂತಾಗುತ್ತದೆ.

ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡುವ ಮುನ್ನ ಗೌಪ್ಯತೆಯ ಮಿತಿಯನ್ನು ಅದಕ್ಕೆ ಅರ್ಥವಾಗುವಂತೆ ಹೇಳಿಬಿಡಿ: ಹೇಳಿದ್ದು ಸಾಮಾನ್ಯವಾಗಿ ನಮ್ಮಲ್ಲೇ ಇರುತ್ತದೆ, ಆದರೆ ನಿನಗಾಗಲಿ ಬೇರೆಯವರಿಗಾಗಲಿ ಅಪಾಯವಿದ್ದರೆ ಸಹಾಯ ಮಾಡಬಲ್ಲವರಿಗೆ ತಿಳಿಸಲೇಬೇಕಾಗುತ್ತದೆ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಎಂದಿಗೂ ಕೊಡಬೇಡಿ. ದೌರ್ಜನ್ಯದ ಸುಳಿವು ಸಿಕ್ಕರೆ ಉತ್ತರವನ್ನು ನಾವೇ ಬಾಯಿಗಿಟ್ಟಂತಾಗುವ ಸೂಚಕ ಪ್ರಶ್ನೆಗಳನ್ನು ಕೇಳದೆ, ಮಗುವಿನ ಮಾತುಗಳನ್ನು ಅದರದೇ ಪದಗಳಲ್ಲಿ ದಾಖಲಿಸಿ, ನಿಮ್ಮಲ್ಲಿನ ಕಾನೂನಿನ ಪ್ರಕಾರ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ಕೂಡಲೇ ತಿಳಿಸಿ. ತನಿಖೆ ನಿಮ್ಮ ಕೆಲಸವಲ್ಲ. ಆತ್ಮಹತ್ಯೆಯ ಯೋಚನೆಯ ಅನುಮಾನ ಬಂದರೆ ನೇರವಾಗಿಯೇ ಕೇಳಿ, ಏಕೆಂದರೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಮಾನಸಿಕ ಆರೋಗ್ಯ ತಜ್ಞರ ನೆರವು ಪಡೆಯಿರಿ.

ಯೋಜನೆ ರೂಪಿಸುವಾಗ ಪೋಷಕರೂ ಮಗುವೂ ಅಲ್ಲಿರಬೇಕು. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ನೀಡಿದೆ. ಗುರಿ ಚಿಕ್ಕದಿರಲಿ: ಮೊದಲ ವಾರ ಅರ್ಧ ದಿನ ಬರುವುದು, ಬಂದಾಗ ಗೊತ್ತಿರುವ ಒಬ್ಬ ಶಿಕ್ಷಕರು ಬಾಗಿಲಲ್ಲೇ ಎದುರುಗೊಳ್ಳುವುದು. ಆರ್ಥಿಕ ನೆರವಿಗೋ ಚಿಕಿತ್ಸೆಗೋ ಬೇರೆ ಸಂಸ್ಥೆಗೆ ಕಳುಹಿಸುವಾಗ ವಿಳಾಸದ ಚೀಟಿ ಕೊಟ್ಟು ಸುಮ್ಮನಾಗದೆ, ಕುಟುಂಬದ ಒಪ್ಪಿಗೆಯೊಂದಿಗೆ ನೀವೇ ಕರೆ ಮಾಡಿ ಭೇಟಿಯ ಸಮಯ ನಿಗದಿಪಡಿಸಿ, ಅವರು ಅಲ್ಲಿಗೆ ತಲುಪಿದರೇ ಎಂದು ವಿಚಾರಿಸಿ.

ಹಾಜರಿ ಸುಧಾರಿಸಿದ ಕೂಡಲೇ ಕಡತ ಮುಚ್ಚಬೇಡಿ. ದೀರ್ಘ ರಜೆಯ ನಂತರದ ಮೊದಲ ವಾರಗಳಲ್ಲಿ ಹಳೆಯ ಹಿಂಜರಿಕೆ ಮರುಕಳಿಸಬಹುದಾದ್ದರಿಂದ ಅಲ್ಲಿಯವರೆಗಾದರೂ ಗಮನವಿಡಿ. ಮಗು ಬೇರೆ ಶಾಲೆಗೆ ಹೋದರೆ ಪೋಷಕರ ಒಪ್ಪಿಗೆ ಪಡೆದು, ಮುಂದಿನವರಿಗೆ ಅಗತ್ಯವಿರುವಷ್ಟು ಮಾಹಿತಿಯನ್ನು ಮಾತ್ರ ಕಳುಹಿಸಿ.